ಕಣ್ಣು ಹೊಡೆಯುವ ಕಾರು: ಎತ್ತಿಗೆ ಜ್ವರ, ಎಮ್ಮೆಗೆ ಬರೆ!

ಸಂಜೆ ಏಳರ ಸುಮಾರು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೊರಟ ಸಾರಿಗೆ ಬಸ್ಸು. ಸಂತೆ ಚೀಲ, ಶಾಲೆ ಚೀಲ, ಖಾಲಿ ಹಾಲಿನ ಕ್ಯಾನು ಎಲ್ಲಾ ಸೇರಿ ಕಾಲಿಡಲು ಜಾಗವಿಲ್ಲ. ಎದುರಿನಿಂದ ಒಂದು ಕಾರು. ಅದರ ಒಂದು ದೀಪ ಹಾಲಿನಂತೆ ಬೆಳ್ಳಗೆ ಧಗಧಗ. ಇನ್ನೊಂದು ಪಿಳಿ ಪಿಳಿ. ಡ್ರೈವರ್ ಕಣ್ಣು ಕಿರಿದು ಮಾಡಿ ಬ್ರೇಕಿನ ಮೇಲೆ ಕಾಲಿಡುತ್ತಾನೆ. ನಿಂತವರೆಲ್ಲ ಒಮ್ಮೆಲೇ ಮುಂದಕ್ಕೆ ವಾಲುತ್ತಾರೆ.

"ಅಂವಾ ದಾರಿ ಕೇಳ್ತಾನೋ, ಕಣ್ಣ ಹೊಡೀತಾನೋ ತಿಳೀವಲ್ತು ನೋಡ್ರಿ" ಎಂದು ಮುಂದಿನ ಸೀಟಿನ ಹಿರಿಯರೊಬ್ಬರು ಗೊಣಗುತ್ತಾರೆ. ಬಸ್ಸಿನಲ್ಲಿ ನಗು. ಆದರೆ ಇದು ನಕ್ಕು ಬಿಡುವ ಮಾತಲ್ಲ. ಆ ಒಂದು ಕ್ಷಣ ಡ್ರೈವರ್‌ನ ಕಣ್ಣಿಗೆ ರಸ್ತೆಯ ಅಂಚು ಕಾಣಲಿಲ್ಲ. ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಹೊರಟವನೂ ಕಾಣಲಿಲ್ಲ.

ಕಾರಿನ ಜೊತೆ ಕಂಪನಿಯಿಂದ ಬಂದ ದೀಪ ಅದಲ್ಲ. ಆಮೇಲೆ ಬಜಾರಿನಲ್ಲಿ ಕೊಂಡು ಕೂರಿಸಿದ ಎಲ್‌ಇಡಿ ಬಲ್ಬು. ನಗರದ ಬಿಡಿಭಾಗದ ಅಂಗಡಿಗಳಲ್ಲಿ ಗಾಜಿನ ಕಪಾಟಿನ ತುಂಬ ಈಗ ಅದರದೇ ಡಬ್ಬಿಗಳು. ಹಳೆಯ ಹ್ಯಾಲೊಜನ್ ಬಲ್ಬು ಹಳದಿ ಬೆಳಕು, ಇದು ಬಿಳಿ ಬೆಳಕು. ಕರೆಂಟು ಕಡಿಮೆ ತಿನ್ನುತ್ತದೆ, ಬಾಳಿಕೆ ಹೆಚ್ಚು ಎಂದು ಮಾರುವವರ ಹೇಳಿಕೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಕೂರಿಸಿದ ಎಂಟು ದಿನಕ್ಕೆ ಕೆಲವು ಮಿಟುಕುತ್ತವೆ, ಕೆಲವು ಮಂಕಾಗುತ್ತವೆ, ಕೆಲವು ಸತ್ತೇ ಹೋಗುತ್ತವೆ. ಗಿರಾಕಿ ಅಂಗಡಿಯವನನ್ನು ಬೈಯುತ್ತಾನೆ, ಅಂಗಡಿಯವ ಕಂಪನಿಯನ್ನು ಬೈಯುತ್ತಾನೆ. ಕಾರಣ ಮಾತ್ರ ಬಾನೆಟ್ಟಿನ ಒಳಗೆ ತಣ್ಣಗೆ ಕೂತಿರುತ್ತದೆ.

ಮೂರನೇ ಜೋಡಿ

ಅಥಣಿ ರಸ್ತೆಯ ಬದಿಗೆ ಬ್ಯಾಟರಿ, ವೈರಿಂಗ್ ಕೆಲಸ ಮಾಡುವ ಮಿಸ್ತ್ರಿಗಳ ಮುಂದೆ ಇಂಥ ಕಾರುಗಳು ಸಂಜೆಯ ಹೊತ್ತು ಬಂದು ನಿಲ್ಲುತ್ತವೆ. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರೊಬ್ಬರ ಮಾತು ಕೇಳಿ:

"ಇದು ಮೂರನೇ ಜೋಡಿ ನೋಡಪಾ ಮಿಸ್ತ್ರಿ. ನಾಕ್ ದಿನ ನೆಟ್ಟಗ ಉರೀತಾವ, ಐದನೇ ದಿನ ತಾಳ ಹಾಕಾಕ ಚಾಲೂ ಮಾಡ್ತಾವ. ಎಲ್ಲಾ ಡೂಪ್ಲಿಕೇಟ್ ಮಾಲು."

"ಬಲ್ಬ್ ಇರ್ಲಿ ಬಿಡ್ರಿ ಗೌಡ್ರ. ಹಳೇ ಬಲ್ಬ್ ಯಾಕ ತಗದ್ರಿ?"

"ಬೆಳಕ ಸಾಲವಲ್ದಾಗಿತ್ತು. ರಾತ್ರಿ ತ್ವಾಟಕ್ಕ ಹೋಗ್ಬೇಕಂದ್ರ ದಾರಿ ಕಾಣ್ತಿರ್ಲಿಲ್ಲ."

"ಹಂಗಾರ ರೋಗ ಆಗಿಂದನ ಐತಿ" ಎನ್ನುತ್ತಾನೆ ಮಿಸ್ತ್ರಿ.

ಈ ಒಂದು ಮಾತಿನಲ್ಲಿ ಅರ್ಧ ಉತ್ತರವಿದೆ. ಹ್ಯಾಲೊಜನ್ ಬಲ್ಬು ವೋಲ್ಟೇಜಿಗೆ ಬಹಳ ಮೆತ್ತಗಿನ ಗಿರಾಕಿ. ಅದಕ್ಕೆ ಸಿಗುವ ವೋಲ್ಟೇಜು ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಹಳೆಯ ಕಾರಿನಲ್ಲಿ ಬ್ಯಾಟರಿಯಿಂದ ದೀಪದವರೆಗೆ ಸವೆದ ತಂತಿ, ಕಿಲುಬು ಹಿಡಿದ ಕಪ್ಲರ್, ಸಡಿಲಾದ ಅರ್ಥಿಂಗ್ ಇದ್ದರೆ ಬಲ್ಬು ಎಷ್ಟೇ ಹೊಸದಿರಲಿ, ಬೆಳಕು ಮಂಕು. ಮಾಲೀಕ ಅದನ್ನು ಬಲ್ಬಿನ ತಪ್ಪೆಂದು ತಿಳಿದು ಎಲ್‌ಇಡಿ ಹಾಕಿಸುತ್ತಾನೆ. ಅದೇ ಸಡಿಲು ತಂತಿಯ ಮೇಲೆ ಎಲ್‌ಇಡಿ ಮಿಟುಕುತ್ತದೆ. ಆಗ ಇನ್ನೊಂದು ಜೋಡಿ ಬಲ್ಬು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇನ್ನು ಯಾವುದಕ್ಕೆ ಬೇಕು?

ಕೆಂಡಕ್ಕೂ ಸ್ವಿಚ್ಚಿಗೂ ವ್ಯತ್ಯಾಸ

ಅದೇ ತಂತಿಯ ಮೇಲೆ ಹಳೆಯ ಬಲ್ಬು ಮಿಟುಕುತ್ತಿರಲಿಲ್ಲ, ಇದು ಯಾಕೆ ಮಿಟುಕುತ್ತದೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ.

ಹ್ಯಾಲೊಜನ್ ಬಲ್ಬಿನೊಳಗೆ ಇರುವುದು ಕಾದು ಬೆಳ್ಳಗಾದ ತಂತಿ. ಅದು ಒಲೆಯ ಕೆಂಡ ಇದ್ದಂತೆ. ಉರಿ ತೆಗೆದರೂ ಕೆಂಡ ತಕ್ಷಣ ಆರುವುದಿಲ್ಲ. ರಸ್ತೆಯ ತಗ್ಗಿನಲ್ಲಿ ಗಾಡಿ ಕುಲುಕಿ ಒಂದು ಸೆಕೆಂಡಿನ ನೂರನೇ ಒಂದು ಪಾಲು ಕರೆಂಟು ಕಡಿದರೆ ಆ ತಂತಿಗೆ ಗೊತ್ತೇ ಆಗುವುದಿಲ್ಲ. ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ಕರೆಂಟು ಬಂದರೆ ಬೆಳಕು, ಹೋದರೆ ಕತ್ತಲೆ. ನಡುವೆ ಸಾವಕಾಶ ಎಂಬುದೇ ಇಲ್ಲ. ಮೇಲಾಗಿ ಅದರ ಹಿಂದೆ ಡ್ರೈವರ್ ಎಂದು ಕರೆಯುವ ಒಂದು ಸಣ್ಣ ಸರ್ಕ್ಯೂಟು ಇರುತ್ತದೆ. ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದು ಆಫ್ ಆಗಿ, ಮತ್ತೆ ಏರಿದಾಗ ಆನ್ ಆಗುತ್ತದೆ. ಹೀಗೆ ಹಳೆಯ ಬಲ್ಬು ಮುಚ್ಚಿಟ್ಟಿದ್ದ ತಂತಿಯ ಗುಟ್ಟನ್ನು ಹೊಸ ಬಲ್ಬು ಊರಿಗೆಲ್ಲ ಸಾರುತ್ತದೆ.

ಬಿಳಿ ಎಲ್‌ಇಡಿ ಎಂಬುದು ನಿಜದಲ್ಲಿ ನೀಲಿ ಎಲ್‌ಇಡಿ. ಮೇಲೆ ಹಳದಿ ಬೆಳಕು ಸೂಸುವ ಲೇಪ ಹಚ್ಚಿದಾಗ ಎರಡೂ ಬೆರೆತು ಬಿಳಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂತು. ಬಿಜಾಪುರವು ವಿಜಯಪುರವಾದದ್ದೂ ಅದೇ ವರ್ಷ, ನವೆಂಬರ್ 1ರಂದು. ದೊಡ್ಡ ವಿದ್ಯೆ, ಒಪ್ಪೋಣ. ಆದರೆ ದೊಡ್ಡ ವಿದ್ಯೆಯನ್ನು ಕಿಲುಬು ಹಿಡಿದ ಹೋಲ್ಡರಿಗೆ ಸಿಕ್ಕಿಸಿದರೆ ನೊಬೆಲ್ ಬಂದು ಕಾಯುವುದಿಲ್ಲ.

ಖರ್ಚಿಲ್ಲದ ನಾಲ್ಕು ಪರೀಕ್ಷೆ

ಹೊಸ ಜೋಡಿಗೆ ದುಡ್ಡು ಬಿಚ್ಚುವ ಮೊದಲು ಮನೆ ಮುಂದೆಯೇ ಮಾಡಬಹುದಾದ ನಾಲ್ಕು ಪರೀಕ್ಷೆಗಳಿವೆ. ದೀಪ ಆರಿಸಿ, ಬಲ್ಬು ತಣ್ಣಗಾದ ಮೇಲೆ ಕೈ ಹಾಕಬೇಕು ಎಂಬುದೊಂದೇ ನಿಯಮ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿ ಬೆರಳಿಂದ ಮುಟ್ಟಬಾರದು; ಬೆರಳಿನ ಎಣ್ಣೆ ಜಿಡ್ಡಿನಿಂದ ಅದರ ಆಯುಷ್ಯ ಕಡಿಮೆಯಾಗುತ್ತದೆ.

ಮೊದಲನೆಯದು, ಅದಲು ಬದಲು. ಒಂದೇ ದೀಪ ಮಿಟುಕುತ್ತಿದ್ದರೆ ಬಲಗಡೆಯ ಬಲ್ಬು ಎಡಕ್ಕೆ, ಎಡಗಡೆಯದು ಬಲಕ್ಕೆ ಹಾಕಿ ನೋಡಬೇಕು. ರೋಗ ಬಲ್ಬಿನ ಹಿಂದೆಯೇ ಹೋದರೆ ಬಲ್ಬು ಕೆಟ್ಟಿದೆ. ರೋಗ ಇದ್ದ ಬದಿಯಲ್ಲೇ ಉಳಿದರೆ ಬಲ್ಬು ನಿರ್ದೋಷಿ. ಹೋಲ್ಡರ್, ತಂತಿ, ಅರ್ಥಿಂಗ್ ಅಪರಾಧಿ.

ಎರಡನೆಯದು, ಎರಡೂ ದೀಪ ಒಟ್ಟಿಗೆ ಮಿಟುಕುತ್ತವೆಯೇ ಎಂದು ನೋಡುವುದು. ಎರಡು ಬಲ್ಬು ಒಂದೇ ಗಳಿಗೆಗೆ ಕೆಡುವುದು ಅಪರೂಪ. ಎರಡಕ್ಕೂ ಸಮಾನವಾದದ್ದನ್ನು ಹುಡುಕಬೇಕು: ಬ್ಯಾಟರಿ ಟರ್ಮಿನಲ್, ರಿಲೇ, ಸ್ವಿಚ್ಚು, ಆಲ್ಟರ್ನೇಟರ್. ಎಂಜಿನ್ ಬಂದ್ ಇದ್ದಾಗ ಸರಿಯಾಗಿ ಉರಿದು, ಚಾಲೂ ಆದಾಗ ಮಾತ್ರ ಮಿಟುಕಿದರೆ ಮೊದಲ ಗುಮಾನಿ ಚಾರ್ಜಿಂಗಿನ ಮೇಲೆ.

ಮೂರನೆಯದು, ಜೊತೆಗಾರರನ್ನು ನೋಡುವುದು. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಅದೇ ತಾಳಕ್ಕೆ ಕುಣಿದರೆ, ಹಾರ್ನ್ ಒತ್ತಿದಾಗ ದೀಪ ಬೆದರಿದರೆ, ಬಾಡಿ ಅರ್ಥ್ ಸಡಿಲಾಗಿದೆ ಎಂದೇ ಬಹುಪಾಲು ಅರ್ಥ. ತಂತಿ ಬಾಡಿಗೆ ಸೇರುವ ಬೋಲ್ಟು ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಬಿಗಿ ಮಾಡಿದರೆ ಮುಗಿಯಿತು. ಸಾಮಾನಿನ ಖರ್ಚು ಒಂದು ತುಂಡು ಉಸುಕಿನ ಕಾಗದ.

ನಾಲ್ಕನೆಯದು, ಹಳೆಯ ಬಲ್ಬು ಮರಳಿ ಹಾಕಿ ನೋಡುವುದು. ಎಲ್‌ಇಡಿ ಹಾಕಿಸುವಾಗ ಬಿಚ್ಚಿದ ಹ್ಯಾಲೊಜನ್ ಜೋಡಿಯನ್ನು ಬಿಸಾಡದೆ ಡಬ್ಬಿಯಲ್ಲಿಟ್ಟವನು ಜಾಣ. ಅದು ಸ್ಥಿರವಾಗಿ, ಪ್ರಖರವಾಗಿ ಉರಿದರೆ ತಂತಿ ಚೆನ್ನಾಗಿದೆ. ಕಾರಿಗೂ ಹೊಸ ಬಲ್ಬಿಗೂ ಮನಸ್ಸು ಕೂಡಿಲ್ಲ. ಅದೂ ಮಂಕಾಗಿ ಉರಿದರೆ ತಂತಿಯ ಕೆಲಸ ಮೊದಲು, ಬಲ್ಬಿನ ಮಾತು ಆಮೇಲೆ.

ಒಂದು ಎಚ್ಚರಿಕೆ. ಮೊಬೈಲಿನಲ್ಲಿ ವಿಡಿಯೋ ಹಿಡಿದು "ನೋಡ್ರಿ, ಮಿಟುಕ್ತೈತಿ" ಎಂದು ಅಂಗಡಿಗೆ ಜಗಳಕ್ಕೆ ಹೋಗುವವರಿದ್ದಾರೆ. ಕಣ್ಣಿಗೆ ಸ್ಥಿರವಾಗಿ ಕಾಣುವ ಎಷ್ಟೋ ಎಲ್‌ಇಡಿಗಳು ಕ್ಯಾಮೆರಾದಲ್ಲಿ ಮಿಟುಕಿದಂತೆ ಕಾಣುತ್ತವೆ. ಅದು ಪುರಾವೆಯಲ್ಲ. ಕಣ್ಣೇ ಸಾಕ್ಷಿ.

ಮೀಟರ್ ಹೇಳುವ ಸತ್ಯ

ಬ್ಯಾಟರಿ ಮಿಸ್ತ್ರಿಯ ಕೈಯಲ್ಲಿರುವ ಮಲ್ಟಿಮೀಟರ್ ಸುಳ್ಳು ಹೇಳುವುದಿಲ್ಲ. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ, ಗಾಡಿ ನಿಂತಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ. ಇದಕ್ಕಿಂತ ಬಹಳ ಮೇಲೇರಿದರೆ ಬಲ್ಬು ಸುಡುತ್ತದೆ, ಕೆಳಗಿಳಿದರೆ ಮಿಟುಕುತ್ತದೆ.

ಬಳಿಕ ಹಳೆಯ ಹ್ಯಾಲೊಜನ್ ಹಾಕಿ, ದೀಪ ಉರಿಯುತ್ತಿರುವಾಗಲೇ ಹೋಲ್ಡರಿನ ಬಳಿ ಅಳೆಯಬೇಕು. ಹ್ಯಾಲೊಜನ್ನೇ ಯಾಕೆ? ಎಚ್-4 ಬಲ್ಬು ಡಿಪ್ಪರಿನಲ್ಲಿ 55 ವ್ಯಾಟ್, ಅಪ್ಪರಿನಲ್ಲಿ 60 ವ್ಯಾಟ್. 12 ವೋಲ್ಟಿಗೆ ನಾಲ್ಕೂವರೆ, ಐದು ಆಂಪಿಯರ್ ಎಳೆಯುತ್ತದೆ. ಭಾರದ ಚೀಲ ಹೊರಿಸಿದಾಗಲೇ ಎತ್ತಿನ ಕುಂಟು ಕಾಣುವುದು. ಬ್ಯಾಟರಿಯಲ್ಲಿ ಇರುವುದಕ್ಕಿಂತ ಹೋಲ್ಡರಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆ ಬಂದರೆ ನಡುದಾರಿಯಲ್ಲಿ ಎಲ್ಲೋ ಸೋರುತ್ತಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ದೀಪದ ಅರ್ಥ್ ತಂತಿಗೆ ಹಿಡಿದರೆ ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥಿಂಗ್ ಸರಿಯಿಲ್ಲ.

ಎಷ್ಟೋ ಕಾರುಗಳಲ್ಲಿ ಇಷ್ಟು ಸರಿಪಡಿಸಿದ ಮೇಲೆ, ಮಬ್ಬಾದ ಹೆಡ್‌ಲೈಟಿನ ಹೊರಮೈ ಪಾಲಿಶ್ ಮಾಡಿಸಿದ ಮೇಲೆ, ಹಳೆಯ ಬಲ್ಬಿನ ಬೆಳಕೇ ಸಾಕೆನಿಸುತ್ತದೆ.

ಉರಿಯದ ಸಣ್ಣ ಬಲ್ಬು, ಗಡಿಬಿಡಿ ಇಂಡಿಕೇಟರ್

ಪಾರ್ಕಿಂಗ್ ಲೈಟು, ನಂಬರ್ ಪ್ಲೇಟಿನ ಲೈಟಿಗೆ ಹಾಕುವ ಚಪ್ಪಟೆ ಬುಡದ ಟಿ-10 ಬಲ್ಬು ಕೂರಿಸಿದ ಕೂಡಲೇ ಉರಿಯದಿದ್ದರೆ ಗಾಬರಿ ಬೇಡ. ಎಲ್‌ಇಡಿಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ಬಲ್ಬು ಕಿತ್ತು, ತಿರುಗಿಸಿ, ಮತ್ತೆ ಸಿಕ್ಕಿಸಿದರೆ ಉರಿಯುತ್ತದೆ. ಇಷ್ಟು ಗೊತ್ತಿಲ್ಲದೆ ಒಳ್ಳೆಯ ಬಲ್ಬನ್ನು ಚರಂಡಿಗೆ ಎಸೆದವರು ಕಡಿಮೆ ಇಲ್ಲ. ಕೆಲವು ಕಾರುಗಳಲ್ಲಿ ಎಚ್-4 ಹೋಲ್ಡರಿನ ಪ್ಲಸ್, ಮೈನಸ್ ಜೋಡಣೆಯೇ ಬೇರೆ ರೀತಿ ಇರುತ್ತದೆ. ಅಲ್ಲಿ ಅಪ್ಪರ್ ಹಾಕಿದರೆ ಡಿಪ್ಪರ್ ಉರಿಯುವ, ಇಲ್ಲವೇ ಎರಡೂ ಉರಿಯದ ತಮಾಷೆ ನಡೆಯುತ್ತದೆ.

ಇಂಡಿಕೇಟರಿನ ಕಥೆ ಬೇರೆ. ಎಲ್‌ಇಡಿ ಹಾಕಿದೊಡನೆ ಅದು ದಮ್ಮು ಹತ್ತಿದವರಂತೆ ಟಕಟಕ ಎಂದು ಬಡಿದುಕೊಳ್ಳುತ್ತದೆ. ಹಳೆಯ ಇಂಡಿಕೇಟರ್ ಬಲ್ಬು 21 ವ್ಯಾಟಿನದು. ಬಲ್ಬೊಂದು ಹೋದರೆ ಫ್ಲಾಶರ್ ವೇಗವಾಗಿ ಹೊಡೆದು ಡ್ರೈವರಿಗೆ ತಿಳಿಸುವುದು ಕಾರಿನ ಪದ್ಧತಿ. ಎಲ್‌ಇಡಿ ಕೆಲವೇ ವ್ಯಾಟ್ ತಿನ್ನುವುದರಿಂದ ಫ್ಲಾಶರ್ "ಬಲ್ಬ್ ಹೋಗೈತಿ" ಎಂದು ತಿಳಿದು ಬೊಬ್ಬೆ ಹಾಕುತ್ತದೆ. ಕೆಟ್ಟದ್ದು ಯಾವುದೂ ಇಲ್ಲ. ತಪ್ಪು ತಿಳಿವಳಿಕೆ ಅಷ್ಟೇ.

ಫ್ಲಾಶರ್ ಬೇರೆಯಾಗಿ ಸಿಗುವ ಹಳೆಯ ಗಾಡಿಗಳಲ್ಲಿ ಎಲ್‌ಇಡಿಗೆಂದೇ ಬರುವ ಫ್ಲಾಶರ್ ಹಾಕಿದರೆ ಸಾಕು. ಹೊಸ ಕಾರುಗಳಲ್ಲಿ ಆ ಕೆಲಸ ಕಂಪ್ಯೂಟರ್ ಪೆಟ್ಟಿಗೆಯೊಳಗೇ ಇರುವುದರಿಂದ ಬದಲಿಸಲಾಗದು. ಆಗ 6 ಓಮ್, 50 ವ್ಯಾಟಿನ ರೆಸಿಸ್ಟರ್ ಜೋಡಿಸುತ್ತಾರೆ. ಲೆಕ್ಕ ಸರಳ: 12 ವೋಲ್ಟನ್ನು 6 ಓಮಿನಿಂದ ಭಾಗಿಸಿದರೆ 2 ಆಂಪಿಯರ್, ಅಂದರೆ 24 ವ್ಯಾಟ್. ಎಲ್‌ಇಡಿ ಉಳಿಸಿದ ಕರೆಂಟನ್ನು ಪಕ್ಕದಲ್ಲಿ ಕೂತ ರೆಸಿಸ್ಟರ್ ತಿಂದು ಬಿಸಿ ಮಾಡಿಕೊಂಡು ಕೂರುತ್ತದೆ! ಆ ಬಿಸಿ ಚರ್ಮ ಸುಡುವಷ್ಟು. ಅದನ್ನು ತಗಡಿಗೆ ಸ್ಕ್ರೂ ಹಾಕಿ ಕೂರಿಸಬೇಕು. ವೈರಿಗೆ ಟೇಪು ಸುತ್ತಿ, ಪ್ಲಾಸ್ಟಿಕ್ಕಿಗೆ ಒರಗಿಸಿ ಬಿಟ್ಟರೆ ಮುಂದೆ ಸುಟ್ಟ ವಾಸನೆಗೆ ಯಾರೂ ಹೊಣೆಯಾಗುವುದಿಲ್ಲ.

ಹೊಸ ಕಾರಿನ ಗೂಢಚಾರ

ತಂತಿ ಚೆನ್ನಾಗಿದೆ, ಬ್ಯಾಟರಿ ಹೊಸದು, ಆದರೂ ಎರಡೂ ದೀಪ ಒಂದೇ ಲಯದಲ್ಲಿ ನಡುಗುತ್ತವೆ. ಬಂದ್ ಮಾಡಿದ ಮೇಲೂ ಮಿಣುಕು ಹುಳುವಿನಂತೆ ಸಣ್ಣಗೆ ಉರಿಯುತ್ತವೆ. ಮೀಟರ್ ಬೋರ್ಡಿನಲ್ಲಿ ಬಲ್ಬು ಹೋಗಿದೆ ಎಂಬ ಗುರುತು ಬರುತ್ತದೆ. ಇದು ಹೊಸ ಕಾರುಗಳ ಕಾಯಿಲೆ.

ಈ ಕಾರುಗಳಲ್ಲಿ ಸ್ವಿಚ್ಚಿನಿಂದ ನೇರವಾಗಿ ದೀಪಕ್ಕೆ ಕರೆಂಟು ಹೋಗುವುದಿಲ್ಲ. ನಡುವೆ ಒಂದು ಕಂಪ್ಯೂಟರ್ ಪೆಟ್ಟಿಗೆ ಕೂತು, ಸೆಕೆಂಡಿಗೆ ನೂರಾರು ಸಲ ಕರೆಂಟು ಕೊಟ್ಟು ಕಡಿದು ಬೆಳಕನ್ನು ಹದ ಮಾಡುತ್ತದೆ. ಬಲ್ಬು ಜೀವಂತ ಇದೆಯೋ ಇಲ್ಲವೋ ಎಂದು ಆಗಾಗ ಸಣ್ಣ ಕರೆಂಟು ಬಿಟ್ಟು ಗೂಢಚಾರನಂತೆ ಪರೀಕ್ಷಿಸುತ್ತದೆ. ಕೆಂಡದಂಥ ಹ್ಯಾಲೊಜನ್ನಿಗೆ ಇದಾವುದೂ ತಿಳಿಯದು. ಎಲ್‌ಇಡಿ ಪ್ರತಿ ಸಲವೂ ಬೆಚ್ಚಿ ಬೀಳುತ್ತದೆ.

ಇದಕ್ಕೆ ಅಂಗಡಿಗಳಲ್ಲಿ "ಕ್ಯಾನ್‌ಬಸ್" ಎಂಬ ಡಬ್ಬಿ ಮಾರುತ್ತಾರೆ. ಹೆಸರು ದೊಡ್ಡದು, ಒಳಗಿರುವುದು ಬಹುಮಟ್ಟಿಗೆ ಕರೆಂಟಿನ ಏರಿಳಿತ ಸಮ ಮಾಡುವ ಕೆಪಾಸಿಟರ್ ಮತ್ತು ಭಾರ ತೋರಿಸುವ ರೆಸಿಸ್ಟರ್. ಕೆಲವು ಕಾರಿಗೆ ಕೂಡಿ ಬರುತ್ತದೆ, ಕೆಲವಕ್ಕೆ ಇಲ್ಲ. ಆದ್ದರಿಂದ "ನಮ್ಮ ಗಾಡಿಗೆ ಕೂಡದಿದ್ರ ವಾಪಸ್ ತಗೋತೀರೇನ್ರಿ?" ಎಂದು ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ಬಿಲ್ಲು ಇಲ್ಲದ ಮಾಲಿಗೆ ಬದಲಿ ಇಲ್ಲ, ಇದು ಬಜಾರಿನ ಧರ್ಮ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ತಂತಿ ಕತ್ತರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ದೀಪ ಹಾಕಿದೊಡನೆ ರೇಡಿಯೋದಲ್ಲಿ ಆಕಾಶವಾಣಿ ಹೋಗಿ ಬರೀ "ಗರ್ರ್" ಎಂದು ಕೇಳಿದರೆ ಅದೂ ಬಲ್ಬಿನ ಡ್ರೈವರ್ ಕಳಪೆ ಎಂಬುದಕ್ಕೆ ಒಂದು ಗುರುತು.

ಬೆನ್ನಿಗೆ ಬೆಂಕಿ

ಮಿಟುಕುವ ಬಲ್ಬಿನದು ಒಂದು ಕಥೆಯಾದರೆ ಸಾಯುವ ಬಲ್ಬಿನದು ಇನ್ನೊಂದು. ಎಲ್‌ಇಡಿ ತಂಪು ದೀಪ ಎಂಬುದು ಅರ್ಧ ಸತ್ಯ. ಹ್ಯಾಲೊಜನ್ ತನ್ನ ಶಾಖವನ್ನು ಬಹುಪಾಲು ಬೆಳಕಿನ ಜೊತೆಗೇ ಮುಂದಕ್ಕೆ ಚೆಲ್ಲುತ್ತದೆ. ಎಲ್‌ಇಡಿಯ ಶಾಖ ಬೆನ್ನಿಗೆ ಇಳಿಯುತ್ತದೆ. ಅದನ್ನು ಹೊರಹಾಕಲು ಹಿಂದೆ ಅಲ್ಯೂಮಿನಿಯಂ ರೆಕ್ಕೆ, ಒಂದು ಪುಟ್ಟ ಫ್ಯಾನು.

ಈಗ ವಿಜಯಪುರದ ಬೇಸಿಗೆ ನೆನೆಯಿರಿ. ನೆರಳಿನಲ್ಲೇ 40 ಡಿಗ್ರಿ ದಾಟುವ ಊರು. ಬಾನೆಟ್ಟಿನ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಅದರ ಮೇಲೆ ಎರಿ ಮಣ್ಣಿನ ಧೂಳು. ಬಬಲೇಶ್ವರ ಕಡೆಯ ತೋಟದ ದಾರಿಗಳಲ್ಲಿ ನಾಲ್ಕು ದಿನ ಓಡಾಡಿದ ಗಾಡಿಯ ಫ್ಯಾನಿನ ರೆಕ್ಕೆಗೆ ಮಣ್ಣು ಮೆತ್ತಿರುತ್ತದೆ. ಫ್ಯಾನು ನಿಂತಿತೆಂದರೆ ಬಲ್ಬಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಗುರುತು ಸುಲಭ: ಹಾಕಿದಾಗ ಪ್ರಖರ, ಹತ್ತು ನಿಮಿಷಕ್ಕೆ ಮಂಕು, ತಣ್ಣಗಾದ ಮೇಲೆ ಮತ್ತೆ ಪ್ರಖರ. ಇದು ತಂತಿಯ ದೋಷವಲ್ಲ, ಶಾಖದ್ದು. ಒಳ್ಳೆಯ ಬಲ್ಬು ಬಿಸಿ ಏರಿದಾಗ ತಾನೇ ಬೆಳಕು ತಗ್ಗಿಸಿ ಜೀವ ಉಳಿಸಿಕೊಳ್ಳುತ್ತದೆ. ಕಳಪೆಯದು ಉರಿಯುತ್ತಲೇ ಸಾಯುತ್ತದೆ.

ಫ್ಯಾನಿಗೆ ಜಾಗ ಸಾಲದೆಂದು ದೀಪದ ಹಿಂದಿನ ರಬ್ಬರ್ ಮುಚ್ಚಳ ಕತ್ತರಿಸಿ ಬಿಡುವುದು ಇನ್ನೊಂದು ಖೋಡಿ ಚಾಳಿ. ಆ ಕಿಂಡಿಯಿಂದ ಧೂಳು, ಮಳೆನೀರು ಒಳಹೊಕ್ಕು ರಿಫ್ಲೆಕ್ಟರಿನ ಹೊಳಪು ತಿನ್ನುತ್ತದೆ. ಬಲ್ಬು ಬದಲಿಸಬಹುದು, ಹೊಳಪು ಹೋದ ರಿಫ್ಲೆಕ್ಟರಿಗೆ ಪೂರ್ತಿ ಹೆಡ್‌ಲೈಟಿನ ದುಡ್ಡು ತೆರಬೇಕು.

ಲಾರಿಗಳವರಿಗೆ ಒಂದು ಮಾತು. ಲಾರಿಗಳದು 24 ವೋಲ್ಟಿನ ವ್ಯವಸ್ಥೆ. ಕಾರಿಗೆಂದು ಮಾಡಿದ 12 ವೋಲ್ಟಿನ ಬಲ್ಬು ಅಲ್ಲಿ ಹಾಕಿದರೆ ಬೆಳಗಾಗುವುದಿಲ್ಲ. ಡಬ್ಬಿಯ ಮೇಲೆ ಎಷ್ಟರಿಂದ ಎಷ್ಟು ವೋಲ್ಟ್ ಎಂದು ಓದಿಯೇ ಕೊಳ್ಳಬೇಕು.

ಡಬ್ಬಿಯ ಮೇಲಿನ ಪುರಾಣ

ಓದುವಾಗ ಇನ್ನೊಂದು ಸಾಲಿನ ಮೇಲೂ ಕಣ್ಣು ಇರಲಿ. "200 ವ್ಯಾಟ್", "20,000 ಲ್ಯೂಮೆನ್" ಎಂದು ಕೆಲವು ಡಬ್ಬಿಗಳು ಘೋಷಿಸುತ್ತವೆ. ಒಂದು ಬಲ್ಬು ನಿಜಕ್ಕೂ 200 ವ್ಯಾಟ್ ತಿಂದರೆ 12 ವೋಲ್ಟಿಗೆ 16 ಆಂಪಿಯರಿಗಿಂತ ಹೆಚ್ಚು ಎಳೆಯಬೇಕು. ಹೆಡ್‌ಲೈಟಿಗೆ ಸಾಮಾನ್ಯವಾಗಿ ಇರುವುದು 10 ಅಥವಾ 15 ಆಂಪಿಯರಿನ ಫ್ಯೂಸು. ಹಾಕಿದ ಗಳಿಗೆಯಲ್ಲೇ ಹಾರಿ ಹೋಗಬೇಕಿತ್ತಲ್ಲ? ಮೀಟರ್ ಹಿಡಿದು ನೋಡಿದರೆ ಎರಡು ಆಂಪಿಯರ್ ಬಂತೆನ್ನಿ. ಆಗ ಅದು 24 ವ್ಯಾಟಿನ ಬಲ್ಬು, ಉಳಿದದ್ದು ಪುರಾಣ. ಹೋಲಿಕೆಗೆ ಹೇಳುವುದಾದರೆ ಪ್ರಮಾಣಿತ ಎಚ್-4 ಹ್ಯಾಲೊಜನ್ನಿನ ಬೆಳಕು ಡಿಪ್ಪರಿನಲ್ಲಿ ಸುಮಾರು 1,000 ಲ್ಯೂಮೆನ್, ಅಪ್ಪರಿನಲ್ಲಿ ಸುಮಾರು 1,650. ಅದರಲ್ಲೇ ದೇಶದ ಲಕ್ಷಾಂತರ ಗಾಡಿಗಳು ರಾತ್ರಿ ಕಳೆದಿವೆ.

ಎದುರಿನವನಿಗೂ ಕಣ್ಣಿದೆ

ಎಲ್ಲ ದುರಸ್ತಿ ಆಯಿತು. ಬಲ್ಬು ಸ್ಥಿರವಾಗಿ ಉರಿಯುತ್ತಿದೆ. ಕೆಲಸ ಮುಗಿಯಿತೇ? ಇಲ್ಲ. ಅಸಲು ಪ್ರಶ್ನೆ ಈಗ ಶುರು.

ಗೋಳಗುಮ್ಮಟದ ಮೇಲಿನ ಸುತ್ತು ಹತ್ತಿದವರಿಗೆ ಗೊತ್ತು. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆಚೆ ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟವನಿಗೆ ಸ್ಪಷ್ಟ ಕೇಳುತ್ತದೆ. ಜಾಗ ತಪ್ಪಿ ನಿಂತು ಕೂಗಿದರೆ ಬರೀ ಗದ್ದಲ. ಹೆಡ್‌ಲೈಟಿನ ರಿಫ್ಲೆಕ್ಟರೂ ಹಾಗೆಯೇ. ಅದರ ಬಾಗು ರೂಪಿಸಿರುವುದು ಹ್ಯಾಲೊಜನ್ ತಂತಿ ಇರುವ ಒಂದೇ ಜಾಗಕ್ಕೆ. ಬೆಳಕು ಅಲ್ಲಿಂದ ಹುಟ್ಟಿದರೆ ರಸ್ತೆಯ ಮೇಲೆ ಬೀಳುತ್ತದೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಎದುರಿನವನ ಕಣ್ಣಿಗೆ ಹೋಗುತ್ತದೆ. ಎಚ್-4 ಬಲ್ಬಿನ ಡಿಪ್ಪರ್ ತಂತಿಯ ಕೆಳಗೆ ಸಣ್ಣ ಲೋಹದ ಬಟ್ಟಲು ಇರುವುದೂ ಮೇಲೆ ಹೋಗುವ ಬೆಳಕನ್ನು ತಡೆಯಲಿಕ್ಕೇ. ಅಗ್ಗದ ಎಲ್‌ಇಡಿಗಳು ಈ ಜಾಗವನ್ನು ಪಾಲಿಸುವುದಿಲ್ಲ.

ಪರೀಕ್ಷೆ ಸುಲಭ. ಕಂಪೌಂಡ್ ಗೋಡೆಗೆ ಎದುರಾಗಿ, ಆರೇಳು ಮೀಟರ್ ದೂರ, ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಲೊಜನ್ ಹಾಕಿ ಡಿಪ್ಪರ್ ಬೆಳಕಿನ ಮೇಲಂಚಿಗೆ ಸುಣ್ಣದ ಗೆರೆ ಹಾಕಬೇಕು. ಅಲ್ಲಿಂದ ಕಾರು ಕದಲಿಸದೆ ಎಲ್‌ಇಡಿ ಹಾಕಿ ನೋಡಬೇಕು. ಅಂಚು ಅದೇ ಗೆರೆಯ ಮೇಲೆ ಚೊಕ್ಕವಾಗಿ ನಿಂತರೆ ಸರಿ. ಬೆಳಕು ಗೆರೆ ದಾಟಿ ಗೋಡೆ ತುಂಬ ಹರಡಿದರೆ ಬಲ್ಬನ್ನು ಕಾಲರಿನಲ್ಲಿ ತಿರುಗಿಸಿ, ಎಲ್‌ಇಡಿಯ ಎರಡು ಮುಖಗಳು ಎಡಕ್ಕೂ ಬಲಕ್ಕೂ ಇರುವಂತೆ ಕೂರಿಸಿ ನೋಡಬೇಕು. ಆಗಲೂ ಹರಡಿದರೆ ಆ ಬಲ್ಬು ಆ ದೀಪಕ್ಕಲ್ಲ.

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಂ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೇ ಆರಂಭಿಸಿದ್ದರು. ಜರ್ಮನಿಯಂಥ ದೇಶದಲ್ಲೂ ಹ್ಯಾಲೊಜನ್ ಜಾಗಕ್ಕೆ ಎಲ್‌ಇಡಿ ಹಾಕಲು ಮೊದಲ ಸಲ ಅನುಮತಿ ದೊರೆತದ್ದು 2020ರಲ್ಲಿ; ಅದೂ ಪರೀಕ್ಷೆಗೊಳಪಟ್ಟ ಬಲ್ಬಿಗೆ, ಪಟ್ಟಿಯಲ್ಲಿರುವ ಕಾರುಗಳಿಗೆ ಮಾತ್ರ. ಕಂಪನಿಯಿಂದಲೇ ಎಲ್‌ಇಡಿ ದೀಪದೊಂದಿಗೆ ಬಂದ ಕಾರಿನ ಮಾತು ಬೇರೆ. ಅಲ್ಲಿ ರಿಫ್ಲೆಕ್ಟರ್, ಲೆನ್ಸು ಎಲ್ಲವನ್ನೂ ಅದಕ್ಕೆಂದೇ ಮಾಡಿರುತ್ತಾರೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಬಬಲೇಶ್ವರ ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ ಬೇರೆ ವಿವರಣೆ ಬೇಡ. ಎರಡೆರಡು ಟ್ರೇಲರ್ ಎಳೆದುಕೊಂಡು ಹೊರಟ ಟ್ರ್ಯಾಕ್ಟರು, ಹಿಂದೆ ಕೆಂಪು ದೀಪ ಇದ್ದರೆ ಪುಣ್ಯ. ಎದುರಿನಿಂದ ಬಿಳಿ ಬೆಳಕು ಕಣ್ಣಿಗೆ ಹೊಡೆದ ಆ ಎರಡು ಸೆಕೆಂಡು ಬೈಕಿನವನಿಗೆ ಮುಂದೆ ನಿಂತ ಕಬ್ಬಿನ ಗಾಡಿ ಕಾಣುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಎಂದರೆ 33 ಮೀಟರ್ ಕುರುಡು ಪ್ರಯಾಣ. ತನಗೆ ದಾರಿ ಕಾಣಲೆಂದು ಹಾಕಿಸಿದ ದೀಪ ಇನ್ನೊಬ್ಬನ ದಾರಿ ಮುಚ್ಚಿದರೆ ಅದನ್ನು ಬೆಳಕು ಎನ್ನಬೇಕೇ?

ಮುಗಿಸುವ ಮುನ್ನ

ತಿಕೋಟಾದ ಆ ಗೌಡರ ಕಾರಿಗೆ ಏನಾಯಿತು? ಮಿಸ್ತ್ರಿ ಬ್ಯಾಟರಿಯ ಟರ್ಮಿನಲ್ ಕೆರೆದ. ಬಲಗಡೆ ಹೆಡ್‌ಲೈಟಿನ ಅರ್ಥ್ ಬೋಲ್ಟು ಬಿಚ್ಚಿದಾಗ ತುಕ್ಕಿನ ಪುಡಿ ಉದುರಿತು. ಹಸಿರು ಕಿಲುಬು ಹಿಡಿದ ಕಪ್ಲರ್ ಬದಲಿಸಿದ. ಬ್ಯಾಟರಿಯಿಂದ ರಿಲೇ ಮೂಲಕ ದೀಪಕ್ಕೆ ಹೊಸ ದಪ್ಪ ವೈರು ಎಳೆದ. ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯ ಹ್ಯಾಲೊಜನ್ ಜೋಡಿಯನ್ನೇ ಒರೆಸಿ ಕೂರಿಸಿದ. ಸ್ವಿಚ್ಚು ಹಾಕಿದರೆ ಎದುರಿನ ಗೋಡೆ ಬೆಳಗಿತು.

"ಇಷ್ಟ ಬೆಳಕ ಇದರಾಗ ಇತ್ತೇನಪಾ?"

"ಇತ್ತ್ರಿ. ದಾರ್ಯಾಗ ಸೋರ್ತಿತ್ತು."

ಮೂರು ಜೋಡಿ ಎಲ್‌ಇಡಿಯ ದುಡ್ಡು ಹೋಯಿತು. ವೈರಿಂಗಿನ ಖರ್ಚು ಒಂದು ಜೋಡಿಗಿಂತ ಕಡಿಮೆ. ಅಂಗಡಿಕಾರರೂ ಇಲ್ಲಿ ಒಂದು ಪಾಠ ಕಲಿಯಬಹುದು. "ಮೊದಲ ವೈರಿಂಗ್ ತೋರಸ್ರಿ, ಆಮ್ಯಾಲ ಬಲ್ಬ್ ಒಯ್ರಿ" ಎಂದು ಹೇಳಿದ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ. ಮಿಟುಕುವ ಬಲ್ಬು ಮಾರಿದ ಅಂಗಡಿಗೆ ಜಗಳಕ್ಕೆ ಮಾತ್ರ ಬರುತ್ತಾನೆ.

ಸಂಬಂಧಪಟ್ಟ ಅಧಿಕಾರಿಗಳು ವರ್ಷಕ್ಕೊಮ್ಮೆ ಕಾರ್ಯಾಚರಣೆ ನಡೆಸಿ ಸುಮ್ಮನಾಗದೆ, ರಾತ್ರಿ ಹೊತ್ತು ಅಥಣಿ ರಸ್ತೆ, ಬಬಲೇಶ್ವರ ರಸ್ತೆಗಳಲ್ಲಿ ನಿಂತು ನೋಡುವುದು ಅಗತ್ಯ. ಕಾರಿನವರು ತಮ್ಮ ಮನೆಯ ಗೋಡೆಗೆ ಒಂದು ಸುಣ್ಣದ ಗೆರೆ ಎಳೆದು ನೋಡುವುದು ಅದಕ್ಕಿಂತ ಅಗತ್ಯ. ಸಂಜೆ ಬಸ್ಸಿನಲ್ಲಿ ಜೋತುಬಿದ್ದು ಊರು ಸೇರುವವರು ಕೇಳುವುದು ಇಷ್ಟೇ: ಎದುರಿನ ಗಾಡಿ ಕಣ್ಣು ಹೊಡೆಯುವುದೂ ಬೇಡ, ಕಣ್ಣು ಕುಕ್ಕುವುದೂ ಬೇಡ. ಡ್ರೈವರಿಗೆ ರಸ್ತೆಯ ಅಂಚು ಕಾಣಲಿ. ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಹೊರಟವನೂ ಕಾಣಲಿ.